ಕುಲೀನನ ಕೈಗವಸು

ಹುಳಿ ಬಂದ ಹಿಟ್ಟು ಒಲೆಯಲ್ಲಿ ಕೆಂಪಗಾಗುವ ವಾಸನೆ ಬಂದರೆ ಬೆಲ್ತ್ರಾನನಿಗೆ ಅಜ್ಜಿಯ ಅಡುಗೆಮನೆ ನೆನಪಾಗುತ್ತಿತ್ತು. ಅಂದು ಬೆಳಿಗ್ಗೆ ಪಕ್ಕದ ಮನೆಯ ಬ್ರಿಯಾಂದಾಳ ಒಲೆಯಿಂದ ಆ ವಾಸನೆ ತೇಲಿ ಬಂದದ್ದೇ ತಪ್ಪಾಯಿತು. ನಿನ್ನೆಯಿಂದ ಖಾಲಿಯಿದ್ದ ಹೊಟ್ಟೆ ಎದ್ದು ಕೂತಿತು. ಆಳು ಬಿಟ್ಟುಹೋಗಿ ಬಹಳ ಕಾಲವಾಗಿತ್ತು. ಬಾಗಿಲು ಹಾಕಿಕೊಂಡು, ಹಿಟ್ಟಿಗೆ ಬ್ರಿಯಾಂದಾ ಕೊಟ್ಟಿದ್ದ ಹುಳಿಹಿಟ್ಟು ಬೆರೆಸಿ, ತಾನೇ ನಾದತೊಡಗಿದ.

ಬೆಲ್ತ್ರಾನ್ ಕುಲೀನ. ಬಿರುದಿಲ್ಲ, ಜಮೀನಿಲ್ಲ, ಬಾಗಿಲ ಮೇಲೆ ಒಂದು ಕಲ್ಲಿನ ಸಿಂಹ, ಅದಕ್ಕೂ ಮೂಗಿಲ್ಲ. ಕೈಕೆಲಸ ಮಾಡಿದ್ದು ಗೊತ್ತಾದರೆ ಕುಲ ಹೋಯಿತು. ಕುಲ ಹೋದರೆ, ನಾಳೆ ಊರಿಗೆ ಬರುವ ಸಿಪಾಯಿಗಳು ಮಿಕ್ಕವರ ಮನೆಗಳಂತೆ ಅವನ ಮನೆಯಲ್ಲೂ ಠಿಕಾಣಿ ಹೂಡುತ್ತಾರೆ.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಕುಲ ವಿಚಾರಿಸಲು ಬಂದ ರಾಜನ ಅಧಿಕಾರಿ! ಬೆಲ್ತ್ರಾನ್ ಹಿಟ್ಟನ್ನೆಲ್ಲ ಅಜ್ಜನ ಭಾರಿ ಕೈಗವಸುಗಳಿಗೆ ತುಂಬಿ, ಒಳಗೆ ಕೈ ತುರುಕಿ, ಬಾಗಿಲು ತೆಗೆದ.

ಅಂಗಳದ ಬಿಸಿಲಲ್ಲಿ ವಿಚಾರಣೆ ಶುರುವಾಯಿತು. ಕರೆಯದಿದ್ದರೂ ಬ್ರಿಯಾಂದಾ ಬಂದಳು, ಜೋಡು ಹೊಲಿಯುವ ತೊರಿಬಿಯೊನೂ ಬಂದ.

"ನಮ್ಮ ಧಣಿ ಕೆಲಸ ಮಾಡೋದಾ? ಇವರಪ್ಪ ನೊಣ ಓಡಿಸೋಕೂ ಆಳಿಟ್ಟಿದ್ರು ಸ್ವಾಮಿ!" ಎಂದ ತೊರಿಬಿಯೊ.

"ಸೀನಿದ್ರೆ ಮೂಗು ಒರೆಸೋಕೆ?" ಎಂದ ಅಧಿಕಾರಿ.

"ಅದಕ್ಕೆ ಬೇರೆಯವನು!"

ಬಿಸಿಲಿಗೆ ಹಿಟ್ಟು ಉಬ್ಬತೊಡಗಿತು. ಕೈಗವಸುಗಳು ಹಾಲು ಕುಡಿದ ನಾಯಿಮರಿಗಳ ಹೊಟ್ಟೆಯಂತಾದವು. ಒಂದು ಹೊಲಿಗೆ ಪಟ್ಟೆಂದಿತು.

"ಏನ್ರೀ ಅದು, ಕೈ ಊದ್ತಾ ಇದೆಯಲ್ಲ?" ಎಂದ ಅಧಿಕಾರಿ.

ಬ್ರಿಯಾಂದಾ ನಿಟ್ಟುಸಿರಿಟ್ಟಳು. "ವಾತ ಸ್ವಾಮಿ. ತಲೆತಲಾಂತರದಿಂದ ಮಾಂಸ, ದ್ರಾಕ್ಷಾರಸ ಅಂತ ಉಂಡ ಮನೆತನ ನೋಡಿ. ನಮ್ಮಂಥವರಿಗೆಲ್ಲಿ ಬರಬೇಕು ಅದು!"

ಅಧಿಕಾರಿಯ ಕಣ್ಣು ತುಂಬಿತು. ತನ್ನ ಊದಿದ ಕಾಲನ್ನು ಮುಂದೆ ಚಾಚಿದ. "ನನಗೂ ಅದೇ ರೋಗ ಕಣಯ್ಯಾ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ನೀನು ಅಪ್ಪಟ ಕುಲೀನ. ಒಬ್ಬ ಸಿಪಾಯಿಯೂ ಈ ಹೊಸ್ತಿಲು ತುಳಿಯೋ ಹಾಗಿಲ್ಲ!"

ಬೆಲ್ತ್ರಾನ್ ಉಸಿರು ಬಿಟ್ಟ.

"ಈ ಊರಲ್ಲಿ ನಾನು ಇಳಿದುಕೊಳ್ಳೋದಕ್ಕೂ ಇದೊಂದೇ ಯೋಗ್ಯ ಮನೆ," ಎಂದು ಅಧಿಕಾರಿ ಜೋಡು ಕಳಚಿದ. "ನನ್ನ ಕಾಲು ವಾಸಿಯಾಗೋವರೆಗೂ ಇಲ್ಲೇ ಇರ್ತೀನಿ. ಊಟಕ್ಕೇನಿದೆ?"

ಬೆಲ್ತ್ರಾನ್ ಕಲ್ಲಿನ ಸಿಂಹದ ಕಡೆ ನೋಡಿದ.

"ಧಣಿಗಳ ಕೈಗೆ ಮದ್ದು ಹಾಕ್ಬೇಕು," ಎಂದು ಬ್ರಿಯಾಂದಾ ಅವನನ್ನು ಒಳಗೆ ಕರೆದೊಯ್ದು, ಗವಸುಗಳನ್ನು ಮೆಲ್ಲನೆ ಬಿಡಿಸಿ, ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿನಿಂದ ಹೋದಳು.

ಅಂಗಳದಲ್ಲಿ ಅಧಿಕಾರಿ ಗೊರಕೆ ಹೊಡೆಯುವ ಹೊತ್ತಿಗೆ ಹಿತ್ತಲ ಬಾಗಿಲು ತುಸು ತೆರೆಯಿತು. ಬಟ್ಟೆಯಲ್ಲಿ ಸುತ್ತಿದ ಬಿಸಿ ಬ್ರೆಡ್ಡು ಎರಡಿದ್ದವು, ಎರಡಕ್ಕೂ ಐದೈದು ಬೆರಳು.

"ಎಡಗೈ ನೆಂಟರಿಗೆ," ಪಿಸುಗುಟ್ಟಿದಳು ಬ್ರಿಯಾಂದಾ. ಬಲಗೈಯನ್ನು ಅವನ ಅಂಗೈಯಲ್ಲಿಟ್ಟಳು. "ಇದು ನಿಮಗೆ. ಅವರು ಏಳೋದರೊಳಗೆ ತಿಂದ್ಬಿಡಿ."