ಎಲೆ ಹಾಕಿ ಬಿಚ್ಚಿದ ಕಾರ್ ಸ್ಟೀರಿಯೋ

ನಮ್ಮ ಸೋದರಮಾವ ಮಧುಗಿರಿ ಬಿಟ್ಟರೆ ಸಾಕು, ಇತ್ತ ನಮ್ಮೂರು ಮಿಡಿಗೇಶಿಯ ದನಗಳು ಕಿವಿ ನಿಮಿರಿಸುತ್ತಿದ್ದವು ಎಂದರೆ ನೀವು ನಂಬುವುದಿಲ್ಲ. ಅವರ ಹಳೇ ಕಾರಿನ ಸ್ಟೀರಿಯೋ ಅಂಥದ್ದು. ವಾಲ್ಯೂಮ್ ತಿರುಗಿಸುವ ಗುಂಡಿ ಮುರಿದು ಯಾವ ಕಾಲವಾಯಿತೋ! ಕೀ ತಿರುಗಿಸಿದ ತಕ್ಷಣ ಗಂಟಲು ಹರಿಯುವಂತೆ ಅರಚುತ್ತಿತ್ತು. ಪಕ್ಕದಲ್ಲಿ ಕೂರುವ ಅತ್ತೆಗೆ ಮಾತ್ರ ಅದರಿಂದ ಏನೂ ತೊಂದರೆಯಿರಲಿಲ್ಲ. ಮದುವೆಯಾದ ಹೊಸತರಲ್ಲೇ ಜ್ವರ ಬಂದು ಅವರ ಕಿವಿ ಮಂದವಾಗಿತ್ತು. "ಎಲ್ಲೋ ಪಂಪ್‌ಸೆಟ್ ಓಡ್ತೈತೆ" ಎಂದು ಹೊಲದ ಕಡೆ ನೋಡುತ್ತಿದ್ದರು.

ಮಾವ ಊರಿನ ಮದುವೆಗಳಲ್ಲಿ ಬಡಿಸಲು ಮುಂದೆ ನಿಲ್ಲುವವರು. ರಿಪೇರಿಗೆಂದು ಏನೇ ಬಿಚ್ಚಿದರೂ ಒಂದು ಮುತ್ತುಗದ ಎಲೆ ಹಾಸಿ, ಬಿಚ್ಚಿದ ಕ್ರಮದಲ್ಲೇ ಬಡಿಸುತ್ತಾ ಹೋಗುತ್ತಾರೆ. ಮೊದಲ ಸ್ಕ್ರೂ ಉಪ್ಪಿನ ಜಾಗಕ್ಕೆ, ಎರಡನೆಯದು ಉಪ್ಪಿನಕಾಯಿ ಜಾಗಕ್ಕೆ, ಆಮೇಲೆ ಕೋಸಂಬರಿ, ಪಲ್ಯ. ಒಮ್ಮೆ ನನ್ನ ಹೊಲಿಗೆ ಮಿಷನ್ ಜೋಡಿಸಿ ಮುಗಿಸಿದಾಗ ಎಲೆಯ ಮೇಲೆ ಒಂದು ಸ್ಕ್ರೂ ಉಳಿದಿತ್ತು. "ಪಲ್ಯ ಉಳ್ಕಂಡೈತಲ್ಲಮ್ಮ" ಎಂದು ಮತ್ತೆ ಪೂರ್ತಿ ಬಿಚ್ಚಿದ ಮಹಾನುಭಾವರು.

ಮೊನ್ನೆ ಅತ್ತೆ ನನ್ನ ಅಮ್ಮನ ಜೊತೆ ಮಧುಗಿರಿಯ ಕಿವಿ ಡಾಕ್ಟರ ಹತ್ತಿರ ಹೋಗಿದ್ದರು, ಹೊಸ ಕಿವಿ ಮಿಷನ್ ಹಾಕಿಸಿಕೊಳ್ಳಲು. ಹಿಂದೊಮ್ಮೆ ತಂದ ಮಿಷನ್ನನ್ನು, ಕುಕ್ಕರ್ ಕೂಗಿದ ಶಬ್ದಕ್ಕೆ ಹೆದರಿ, ಕಿತ್ತು ಅಕ್ಕಿ ಡಬ್ಬಕ್ಕೆ ಹಾಕಿಬಿಟ್ಟಿದ್ದರು. ಇನ್ನೊಂದಕ್ಕೆ ಅವರನ್ನು ಒಪ್ಪಿಸುವಷ್ಟರಲ್ಲಿ ಮಾವನ ಕೂದಲು ನೆರೆತಿತ್ತು. ಈಗ ಕಾರು ಹತ್ತಿದ ಕೂಡಲೇ ಸ್ಟೀರಿಯೋ ಅರಚಿದರೆ ಇದಕ್ಕೂ ಅಕ್ಕಿ ಡಬ್ಬವೇ ಗತಿ. ಅವರನ್ನು ಕರೆತರಲು ನಾವು ಹೊರಡುವ ಮೊದಲು ಸ್ಟೀರಿಯೋ ಹೊರಗೆ ಬರಲೇಬೇಕಿತ್ತು.

"ಫ್ಯೂಸ್ ಕಿತ್ತರೆ ಸಾಕಲ್ವಾ ಮಾವ?" ಎಂದೆ.

"ಅದುನ್ನ ಕಿತ್ರೆ ಹಾರ್ನೂ ಸತ್ತೋಯ್ತದೆ. ಕುರಿ ಮಂದೆ ಅಡ್ಡ ಬಂದ್ರೆ ನಾನು ಇಳುದು ಕೂಗ್ಲಾ?"

"ಮೆಕ್ಯಾನಿಕ್ ಕರೆಯೋಣ?"

"ಅವನು ಎಲೆ ಹಾಕಲ್ಲ ಕಣಮ್ಮ. ಎಲ್ಲಾನೂ ಒಂದೇ ಡಬ್ಬಿಗೆ ಸುರಿತಾನೆ."

ಮೊದಲು ಬ್ಯಾಟರಿಯ ವೈರು ಕಳಚಿದರು. ಬಾನೆಟ್ ಮೇಲೆ ಎಲೆ ಬಂತು. ಸ್ಟೀರಿಯೋದ ಸುತ್ತಲಿನ ಪ್ಲಾಸ್ಟಿಕ್ ಪಟ್ಟಿಯ ಸ್ಕ್ರೂಗಳನ್ನು ಬಿಚ್ಚಿ ಎಲೆಗೆ ಬಡಿಸಿ, ಪಟ್ಟಿಯನ್ನು ಉಗುರಿನಲ್ಲೇ ಎಬ್ಬಿಸಿದರು. ಬಗ್ಗಿಸಿದ ಎರಡು ಸೈಕಲ್ ಕಡ್ಡಿಗಳನ್ನು ಎರಡು ಬದಿಯ ಸಂದಿಗೆ ತೂರಿಸಿ, ಕಣ್ಣು ಮುಚ್ಚಿ ಏನನ್ನೋ ಆಲಿಸಿದರು. ಒಳಗಿನ ಕೊಂಡಿ ಟಕ್ ಎಂದು ಬಿಟ್ಟಿತು. ಅಷ್ಟು ವರ್ಷ ಅಲುಗದೆ ಕೂತಿದ್ದ ಪೆಟ್ಟಿಗೆ ತೆಪ್ಪಗೆ ಹೊರಗೆ ಬಂತು! ಹಿಂದೆ ಶಾವಿಗೆಯಂತೆ ವೈರುಗಳು. ಒಂದೊಂದನ್ನೂ ಬಿಡಿಸಿ, ತುದಿಗೆ ಟೇಪು ಸುತ್ತಿದರು. ಆ ಒರಟು ಬೆರಳುಗಳಿಗೆ ಅಷ್ಟು ನಾಜೂಕು ಎಲ್ಲಿಂದ ಬಂತು? ನಾನು ಬಾಯಿ ತೆರೆದುಕೊಂಡು ನೋಡುತ್ತಲೇ ನಿಂತೆ. ಪಟ್ಟಿ, ಸ್ಕ್ರೂ ಎಲ್ಲ ವಾಪಸ್ಸು ಹೋಗಿ ಎಲೆ ಖಾಲಿಯಾಯಿತು. ಬ್ಯಾಟರಿ ಜೋಡಿಸಿ ಕೀ ತಿರುಗಿಸಿದರೆ ಬರೀ ಇಂಜಿನ್ನಿನ ಗುರ್ರ್.

ಮಧುಗಿರಿಯಲ್ಲಿ ಅತ್ತೆ, ಬೀದಿಯ ಗದ್ದಲಕ್ಕೆ ಹೆದರಿ, ಹೊಸ ಮಿಷನ್ ಹಾಕಿದ ಕಿವಿಯ ಮೇಲೆ ಕೈ ಇಟ್ಟುಕೊಂಡೇ ಕಾರು ಹತ್ತಿದರು. ಊರು ದಾಟಿದ ಮೇಲೆ ಮೆಲ್ಲಗೆ ಕೈ ತೆಗೆದರು. ಮಾವ ಉಸಿರು ಬಿಡಲೂ ಹೆದರಿಕೊಂಡು ಓಡಿಸುತ್ತಿದ್ದರು.

"ಯಾಕೆ ಸುಮ್ಕೆ ಕುಂತಿದೀರಿ?" ಎಂದರು ಅತ್ತೆ. "ಏನಾರ ಮಾತಾಡಿ. ನಿಮ್ಮ ದನಿ ಹೆಂಗಿತ್ತೋ ಮರ್ತೇ ಹೋಗೈತೆ."

ಇಷ್ಟು ವರ್ಷ ಬೀದಿಗೆಲ್ಲ ಕೇಳುವಂತೆ ಕೂಗಿಯೇ ಹೆಂಡತಿಯನ್ನು ಮಾತಾಡಿಸಿದ ಮನುಷ್ಯ. ಮೆತ್ತಗೆ ಮಾತಾಡುವುದು ಹೇಗೆಂದು ಅವರಿಗೆ ತೋಚಲಿಲ್ಲ. ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದರು. ಗಂಟಲು ಸರಿಮಾಡಿಕೊಂಡರು.

"ಗೌರಾ" ಎಂದರು, ಹಿಂದೆ ಕೂತ ನನಗೂ ಅಮ್ಮನಿಗೂ ಕೇಳಿಯೂ ಕೇಳದಷ್ಟು ಸಣ್ಣಗೆ.

ಅತ್ತೆಗೆ ಕೇಳಿಸಿತ್ತು. "ಇನ್ನೊಂದ್ ಸಲ ಕರೀರಿ" ಎಂದರು.

ಮಾವ ಕರೆದರು. ನಾನು ಕಿಟಕಿಯ ಕಡೆ ತಿರುಗಿ ಅತ್ತುಬಿಟ್ಟೆ.