ನಾಲ್ಕನೇ ನಂಬರಿನ ಬಾಟಲಿ

ಬೆಳಿಗ್ಗೆ ಆರೂ ನಲವತ್ತಕ್ಕೆ ಪ್ರೂಫ್‌ರೀಡರ್ ಒಂದು ಸೀನು ಸೀನಿದರು. ಆರೂ ನಲವತ್ತೊಂದಕ್ಕೆ ಇನ್ನೊಂದು. ಏಳು ಗಂಟೆಗೆ ಅವರ ಎಡಮೂಗು ಮುಚ್ಚಿತು. ಏಳೂಕಾಲಿಗೆ, ಅಣ್ಣ ಮುಷ್ಕರ ಹೂಡಿದರೆ ತಮ್ಮ ಸುಮ್ಮನಿರುತ್ತಾನೆಯೇ ಎಂಬಂತೆ, ಬಲಮೂಗೂ ಬಾಗಿಲು ಹಾಕಿಕೊಂಡಿತು.

ಬೇರೆ ದಿನವಾಗಿದ್ದರೆ ಇದಕ್ಕೆ ನೆಗಡಿ ಎಂದು ಹೆಸರು. ಇವತ್ತು ಮಾತ್ರ ಇದು ಸರ್ವನಾಶವಾಗಿತ್ತು. ಏಕೆಂದರೆ ಊಟದ ಮೇಜಿನ ಮೇಲೆ ಆರು ವೈನ್ ಬಾಟಲಿಗಳು ಸಾಲಾಗಿ ನಿಂತು ಅವರ ಮೂಗನ್ನೇ ಕಾಯುತ್ತಿದ್ದವು.

ಪತ್ರಿಕೆಯಲ್ಲಿ ಇಪ್ಪತ್ತೆರಡು ವರ್ಷ ಅವರು ಬೇರೆಯವರ ತಪ್ಪು ತಿದ್ದಿದ್ದರು. ಅವರ ಹೆಸರು ಮಾತ್ರ ಒಂದು ಸಲವೂ ಅಚ್ಚಾಗಿರಲಿಲ್ಲ. ಭಾನುವಾರದ ಪುರವಣಿಯಲ್ಲಿ ‘ದಿನಬಳಕೆಯ ವೈನ್’ ಎಂಬ ಅಂಕಣವಿತ್ತು. ತಿಂಗಳ ಸಂಬಳದವರು ಕೊಳ್ಳಬಹುದಾದ ವೈನ್‌ಗಳಲ್ಲಿ ಯಾವುದನ್ನು ಕುಡಿಯಬಹುದು, ಯಾವುದರಲ್ಲಿ ಬಚ್ಚಲು ತೊಳೆಯಬಹುದು ಎಂದು ಹೇಳುವ ಅಂಕಣ ಅದು. ಬರೆಯುತ್ತಿದ್ದ ವಿಮರ್ಶಕರಿಗೆ ಡಾಕ್ಟರು ಕುಡಿಯುವುದನ್ನೇ ಬಿಡಿಸಿದರು. ಆಗ ಸಂಪಾದಕಿಯ ಕಣ್ಣು ಪ್ರೂಫ್‌ರೀಡರ್ ಮೇಲೆ ಬಿತ್ತು.

“ಈ ವಾರ ನೀವು ಬರೆದು ನೋಡ್ರೀ. ನಾಳೆ ನಾಲ್ಕು ಗಂಟೆಗೆ ನನ್ನ ಕೈಗೆ ಬರ್ಬೇಕು. ಚೆನ್ನಾಗಿ ಬಂದ್ರೆ ಅಂಕಣ ನಿಮ್ಮದೇ. ಹೆಸರು ಸಮೇತ.”

ಹೆಸರು ಸಮೇತ! ಆ ಎರಡು ಮಾತನ್ನು ಅವರು ಮನೆಗೆ ತಂದು ಹೆಂಡತಿಗೆ ಒಪ್ಪಿಸಿದರು. ಹೆಂಡತಿ ಅದನ್ನು ರಾತ್ರಿಯೇ ಫೋನಿನಲ್ಲಿ ತಮ್ಮ ಆಫೀಸಿನ ಹನ್ನೊಂದು ಜನಕ್ಕೂ ಲಿಫ್ಟ್ ನಡೆಸುವವನಿಗೂ ಹಂಚಿದರು. ಭಾನುವಾರ ಎಲ್ಲರೂ ಪೇಪರ್ ಕೊಳ್ಳಲೇಬೇಕೆಂದು ಆಣೆ ಹಾಕಿಸಿಕೊಂಡಿದ್ದರು.

ಕ್ರಮ ತಪ್ಪದ ಮನುಷ್ಯ ಪ್ರೂಫ್‌ರೀಡರ್. ಬೆಲೆ ಕಂಡರೆ ನಾಲಿಗೆ ಪಕ್ಷಪಾತ ಮಾಡುತ್ತದೆಂದು ಬಾಟಲಿಗಳಿಗೆಲ್ಲ ಹಳೆಯ ಪ್ರೂಫ್ ಹಾಳೆ ಸುತ್ತಿ, ಒಂದರಿಂದ ಆರು ನಂಬರ್ ಬರೆದರು. ಕೆಳಗೆ ಉಗುಳುವುದಕ್ಕೆ ನೀಲಿ ಬಕೆಟ್ ಇಟ್ಟರು. ಎಂಟು ಗಂಟೆಗೆ ಎಲ್ಲವನ್ನೂ ತೆರೆದು, ಒಂದನೆಯದನ್ನು ಲೋಟಕ್ಕೆ ಸುರಿದು, ಮೂಗು ಇಳಿಸಿ ಎಳೆದರು. ಗಂಟಲಲ್ಲಿ ಸೈಕಲ್ ಪಂಪಿನ ಸದ್ದಾಯಿತು. ವಾಸನೆ ಬರಲಿಲ್ಲ. ಒಂದು ಗುಟುಕು ಬಾಯಿಗೆ ಹಾಕಿ ಎಡಕ್ಕೆ, ಬಲಕ್ಕೆ ಆಡಿಸಿ ಉಗುಳಿದರು. ಎರಡನೆಯದನ್ನೂ ಹಾಗೆಯೇ ಮಾಡಿದರು. ಆಮೇಲೆ ಪೆನ್ನು ತೆಗೆದುಕೊಂಡು ಪ್ರಾಮಾಣಿಕವಾಗಿ ಬರೆದರು:

“ಒಂದನೇ ನಂಬರ್: ಒದ್ದೆಯಾಗಿದೆ. ಎರಡನೇ ನಂಬರ್: ಇದೂ ಒದ್ದೆಯಾಗಿದೆ.”

ಒಳಗಿನಿಂದ ಅತ್ತೆ ಬಂದರು. ಮಾವನವರು ಹೋದ ಮೇಲೆ ಮಗಳ ಮನೆಯಲ್ಲೇ ಇದ್ದ ಆಕೆಗೆ ಅಳಿಯನ ಮುಖ ನೋಡಿದರೆ ಸಾಕು, ಒಳಗಿನ ಹವಾಮಾನ ತಿಳಿಯುತ್ತಿತ್ತು.

“ಯಾಕೆ ಅಳಿಯಂದ್ರೇ, ಮುಖ ಹಿಂಡಿದ ಬಟ್ಟೆ ಥರ ಆಗಿದೆ?”

“ಬೂಗು ಕಟ್ಟಿದೆ ಅತ್ತೆ. ವಾಸನೆ ಇಲ್ಲ. ರುಚಿನೂ ಇಲ್ಲ.”

“ಆ ಮೇಡಂಗೆ ಹೇಳಿಬಿಡಿ, ನಾಳೆ ಬರೀತೀನಿ ಅಂತ.”

“ಪುಟ ಇವತ್ತೇ ಹೋಗ್ಬೇಕು. ಬೂಗಿಲ್ಲದವನು ಅಂತ ಗೊತ್ತಾದ್ರೆ ಅಂಕಣ ಬೇರೆಯವರ ಪಾಲು.”

ಅತ್ತೆ ಬಿಸಿನೀರಿನ ಹಬೆ ಕೊಟ್ಟರು. ಕಂಬಳಿಯೊಳಗೆ ಕೂತು ಬೆವರಿದ್ದಷ್ಟೇ ಬಂತು. ಹತ್ತು ಗಂಟೆಗೆ ಕಂಬಳಿ ಎತ್ತಿ ನೋಡಿದ ಅತ್ತೆ ತೀರ್ಮಾನ ಮಾಡಿದರು. “ನಿಮ್ಮ ಮೂಗು ನಂಬ್ಕೊಂಡ್ರೆ ಆಗೋದಲ್ಲ. ಈ ಕಟ್ಟಡದಲ್ಲಿ ಎಲ್ಲರ ವಿಷಯಕ್ಕೂ ಮೂಗು ತೂರಿಸೋರು ಇದ್ದಾರಲ್ಲ, ಇವತ್ತು ನಾವೇ ಕರೆದು ತೂರಿಸಿಕೊಳ್ಳೋಣ.”

ಐದು ನಿಮಿಷದಲ್ಲಿ ಮೂವರು ಬಂದರು. ಕೆಳಮನೆಯ ಎಲೆಕ್ಟ್ರಿಷಿಯನ್, ಎದುರುಮನೆಯ ಟೈಲರಮ್ಮ, ಮೇಲುಮನೆಯ ಗಾರ್ಡ್ ಸಾಹೇಬರು. ಗಾರ್ಡ್ ಸಾಹೇಬರು ರೈಲ್ವೆಯಿಂದ ನಿವೃತ್ತರಾಗಿ ಆರು ವರ್ಷವಾಗಿತ್ತು, ಆದರೆ ಇನ್ನೂ ಮೆಟ್ಟಿಲು ಇಳಿಯುವ ಮುನ್ನ ಎರಡೂ ಕಡೆ ನೋಡುತ್ತಿದ್ದರು.

“ಬೊದಲು ಬೂಸಿ, ಆಬೇಲೆ ಬಾಯಲ್ಲಿಟ್ಟು, ಆಬೇಲೆ ಈ ಬಕೆಟ್ಟಿಗೆ ಉಗುಳ್ಬೇಕು,” ಎಂದು ಪ್ರೂಫ್‌ರೀಡರ್ ನಿಯಮ ವಿವರಿಸಿದರು.

“ಉಗುಳೋದಾ?” ಗಾರ್ಡ್ ಸಾಹೇಬರಿಗೆ ಆಘಾತವಾಯಿತು. “ಏನ್ ಸ್ವಾಮಿ, ಹತ್ತಿದ ಪ್ಯಾಸೆಂಜರನ್ನ ಮುಂದಿನ ಸ್ಟೇಷನ್ ಬರೋ ಮುಂಚೆ ಇಳಿಸ್ತಾರಾ?”

ಬಕೆಟ್ಟಿಗೆ ಆಮೇಲೆ ಕೊನೆಯವರೆಗೂ ಒಂದು ಹನಿಯೂ ಬೀಳಲಿಲ್ಲ.

ಎಲೆಕ್ಟ್ರಿಷಿಯನ್ ಒಂದನೆಯದನ್ನು ಕುಡಿದು ತುಟಿ ಒರೆಸಿಕೊಂಡ. “ಲೂಸ್ ಕನೆಕ್ಷನ್ ಸಾರ್. ಬಂತು ಅನ್ನೋಷ್ಟರಲ್ಲಿ ಹೋಯ್ತು.”

“ಅಂದ್ರೆ ಹುಳಿನಾ, ಸಿಹಿನಾ?”

“ಅದೇ ಸಾರ್, ಲೂಸ್ ಕನೆಕ್ಷನ್.”

ಎರಡನೆಯದಕ್ಕೆ ಟೈಲರಮ್ಮ ತಲೆಯಾಡಿಸಿದರು. “ಮೇಲೆ ಮಿರಿಮಿರಿ, ಒಳಗೆ ಲೈನಿಂಗೇ ಇಲ್ಲ. ಒಂದು ಒಗೆತಕ್ಕೆ ಜೋತು ಬೀಳುತ್ತೆ.”

ಮೂರನೆಯದು ಪ್ಯಾಸೆಂಜರ್ ಗಾಡಿ, ಎಲ್ಲಾ ಕಡೆ ನಿಲ್ಲುತ್ತೆ, ಆದರೂ ಊರು ಮುಟ್ಟಿಸುತ್ತೆ ಎಂದು ಗಾರ್ಡ್ ಸಾಹೇಬರು ತೀರ್ಪು ಕೊಟ್ಟರು. ಗಾಡಿ ಅಲ್ಲ, ಅದು ವೋಲ್ಟೇಜ್ ಸಮಸ್ಯೆ ಎಂದು ಎಲೆಕ್ಟ್ರಿಷಿಯನ್ ವಾದ ಹೂಡಿದ. ನೀವಿಬ್ಬರೂ ಅಳತೆ ತಗೊಳ್ಳದೆ ಕತ್ತರಿ ಹಾಕೋರು ಎಂದು ಟೈಲರಮ್ಮ ಇಬ್ಬರಿಗೂ ಬೈದರು. ಸಂಶಯ ಪರಿಹಾರಕ್ಕೆ ಎಲ್ಲರೂ ಮತ್ತೊಂದು ಸುತ್ತು ಕುಡಿದರು. ಉಳಿದ ಮೂರು ಬಾಟಲಿಗಳೂ ಆ ವಾದದ ನಡುವೆಯೇ, ತೀರ್ಪಿಲ್ಲದೆ, ಸುತ್ತು ಬಂದವು. ಅತ್ತೆ ಮಾತ್ರ ಅಡುಗೆಮನೆ ಬಾಗಿಲಲ್ಲಿ ನಿಂತು, ಪ್ರತಿ ಬಾಟಲಿಯಿಂದಲೂ ಅಂಗೈಗೆ ಒಂದಿಷ್ಟು ಹಾಕಿಸಿಕೊಂಡು, ಸಾರಿನ ಉಪ್ಪು ನೋಡುವಂತೆ ಚಪ್ಪರಿಸಿ, ಏನೂ ಹೇಳದೆ ಒಳಗೆ ಹೋಗುತ್ತಿದ್ದರು.

ಹನ್ನೆರಡೂವರೆಗೆ ಪ್ರೂಫ್‌ರೀಡರ್ ತಮ್ಮ ಟಿಪ್ಪಣಿ ನೋಡಿಕೊಂಡರು. ಲೂಸ್ ಕನೆಕ್ಷನ್, ಲೈನಿಂಗ್ ಇಲ್ಲ, ಪ್ಯಾಸೆಂಜರ್ ಗಾಡಿ. ಒಂದಕ್ಕಾದರೂ ಆಧಾರವಿದೆಯೇ? ಪರಿಶೀಲಿಸಲು ಬರುತ್ತದೆಯೇ? ಇಪ್ಪತ್ತೆರಡು ವರ್ಷದ ಅಭ್ಯಾಸ ಬಿಡುವುದುಂಟೆ, ಮೂರನ್ನೂ ಕೆಂಪು ಪೆನ್ನಿನಿಂದ ಹೊಡೆದುಹಾಕಿದರು. ಮೂಗಿಗೆ ಹಾಕುವ ಔಷಧಿ ತರುವುದೊಂದೇ ದಾರಿ ಎಂದು ಚಪ್ಪಲಿ ಮೆಟ್ಟಿ ಓಡಿದರು. ಅವಸರದಲ್ಲಿ ಫೋನು ಬಾಟಲಿಗಳ ಪಕ್ಕದಲ್ಲೇ ಉಳಿಯಿತು.

ಔಷಧಿ ಅಂಗಡಿಯವರು ಎರಡೆರಡು ಹನಿ ಹಾಕಿ, “ಅಲ್ಲಾಡ್ದೆ ತಲೆ ಹಿಂದಕ್ಕೆ ಮಾಡ್ಕೊಂಡು ಕೂತಿರಿ,” ಎಂದು ಬೆಂಚು ತೋರಿಸಿದರು. ಪ್ರೂಫ್‌ರೀಡರ್ ಒಂದು ಗಂಟೆಗೂ ಹೆಚ್ಚು ಹೊತ್ತು ಫ್ಯಾನ್ ನೋಡುತ್ತಾ ಕೂತರು. ಎರಡು ಗಂಟೆಯ ಹೊತ್ತಿಗೆ ಎಡಮೂಗಿನಲ್ಲಿ ಏನೋ ಚಿಟಕ್ ಎಂದಿತು. ಎದ್ದು ಬೀದಿಗೆ ಬಂದರೆ ಹೊಸ ಬಣ್ಣ ಹೊಡೆದ ಗೇಟಿನ ವಾಸನೆ, ಸ್ಕೂಟರಿನ ಹೊಗೆ, ಇಸ್ತ್ರಿ ಅಂಗಡಿಯ ಕಾದ ಬಟ್ಟೆ! ತೆರೆದ ಚರಂಡಿಯ ಪಕ್ಕದಲ್ಲಿ ನಿಂತು ಅವರು ಎದೆ ತುಂಬ ಉಸಿರೆಳೆದುಕೊಂಡರು. ಚರಂಡಿ ವಾಸನೆಗೆ ಕಣ್ಣು ತುಂಬಿಕೊಂಡ ಮೊದಲ ಮನುಷ್ಯ ಅವರೇ ಇರಬೇಕು.

ಮನೆಗೆ ಬಂದರೆ ಮೇಜು ಕನ್ನಡಿಯಂತೆ ಹೊಳೆಯುತ್ತಿತ್ತು. ಆರು ಬಾಟಲಿಗಳನ್ನೂ ತೊಳೆದು, ನಂಬರಿನ ಸಾಲಿನಲ್ಲೇ ಬೋರಲು ಹಾಕಲಾಗಿತ್ತು. ನಡುವೆ ದೊಡ್ಡ ಗಾಜಿನ ಜಗ್ ಒಂದರಲ್ಲಿ ಕಂದುಗೆಂಪು ದ್ರವ ತುಂಬಿತ್ತು. ಪಕ್ಕದಲ್ಲಿ ಗಾರ್ಡ್ ಸಾಹೇಬರು ಹಸಿರು ಬಾವುಟ ತೋರಿಸಿದ ತೃಪ್ತಿಯಲ್ಲಿ ಕೂತಿದ್ದರು.

“ಇದೇನು ಸಾಹೇಬ್ರೇ?”

“ಎಲ್ಲಾ ಕಾಲುಭಾಗ, ಅರ್ಧಭಾಗ ಉಳಿದಿತ್ತು. ಅರ್ಧ ಖಾಲಿ ಇರೋ ಆರು ಬೋಗಿ ಯಾಕೆ ಓಡಿಸ್ಬೇಕು ಸ್ವಾಮಿ? ಎಲ್ಲರನ್ನೂ ಒಂದೇ ಬೋಗಿಗೆ ಹತ್ತಿಸಿದೆ.”

ಪ್ರೂಫ್‌ರೀಡರ್ ಕುರ್ಚಿ ಹುಡುಕಿಕೊಂಡು ಕೂತರು. ಮೂಗು ಇರುವಾಗ ವೈನ್ ಇಲ್ಲ, ವೈನ್ ಇದ್ದಾಗ ಮೂಗಿರಲಿಲ್ಲ.

“ತಪ್ಪಾಯ್ತಾ?” ಗಾರ್ಡ್ ಸಾಹೇಬರ ಮುಖ ಸಣ್ಣದಾಯಿತು.

ಇಡೀ ಬೆಳಿಗ್ಗೆಯನ್ನು ತನಗಾಗಿ ಕೊಟ್ಟ ಮನುಷ್ಯ. “ಇಲ್ಲ ಸಾಹೇಬ್ರೇ. ಮೇಜು ಚೆನ್ನಾಗಿ ಒರೆಸಿದ್ದೀರಿ,” ಎಂದರು ಪ್ರೂಫ್‌ರೀಡರ್. ಅತ್ತೆಯನ್ನು ಕೇಳೋಣವೆಂದರೆ ಅವರು ಒಳಗೆ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಆರು ಅಂಗೈಯ ಲೆಕ್ಕ ಸಣ್ಣದೇನಲ್ಲ.

ಎರಡೂವರೆ ಗಂಟೆ. ಪ್ರೂಫ್‌ರೀಡರ್ ಹಾಳೆ ಎಳೆದುಕೊಂಡರು. ಸವಿಯದ್ದನ್ನು ಸವಿದೆನೆಂದು ಬರೆಯುವುದು ಅವರಿಂದ ಆಗದು. ಪಕ್ಕದ ಮನೆಯವರ ಮಾತನ್ನು ತನ್ನದೆಂದು ಹೇಳುವುದೂ ಆಗದು. ಹಾಗಾದರೆ ಉಳಿದದ್ದು ನಿಜ ಮಾತ್ರ. ಒಂದನೆಯದು ತಿರುಪು ಮುಚ್ಚಳ, ಏಳುನೂರೈವತ್ತು ಮಿಲಿಲೀಟರ್, ಮದ್ಯಸಾರ ಶೇಕಡಾ ಹನ್ನೆರಡು. ಎರಡನೆಯದು ಬಿರಡೆ, ತೆಗೆಯುವಾಗ ತುಂಡಾಗಲಿಲ್ಲ. ಮೂರನೆಯದರ ಬಣ್ಣ ಎರಡನೆಯದಕ್ಕಿಂತ ತಿಳಿ. ಹೀಗೆ ನಾನೂರು ಪದ. ಒಂದೂ ತಪ್ಪಿರಲಿಲ್ಲ.

ಫೋನು ಜೇಬಿಗೆ ಹಾಕಿಕೊಂಡು ಹೊರಟು, ನಾಲ್ಕಕ್ಕೆ ಐದು ನಿಮಿಷವಿರುವಾಗ ಸಂಪಾದಕಿಯ ಮುಂದೆ ನಿಂತರು. ಆಕೆ ಓದಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು.

“ಏನ್ರೀ ಇದು? ಇದರಲ್ಲಿರೋದೆಲ್ಲ ನಿಜ.”

“ಹೌದು ಮೇಡಂ.”

“ಅದೇ ತೊಂದ್ರೆ. ಔಷಧಿ ಬಾಟಲಿ ಮೇಲಿನ ಚೀಟಿ ಓದಿದ ಹಾಗಿದೆ.” ಹಾಳೆಗಳನ್ನು ಮೆಲ್ಲಗೆ ಪಕ್ಕಕ್ಕಿಟ್ಟರು. “ಹೋಗ್ಲಿ ಬಿಡಿ, ಅಂಕಣ ಆಗಿಹೋಗಿದೆ.”

“ಆಗಿದೆಯಾ? ಯಾರು ಬರೆದ್ರು?”

“ಎಷ್ಟು ಆಗಿದೆ ಕೇಳೋಣ ಅಂತ ಒಂದೂವರೆಗೆ ನಿಮಗೆ ಫೋನ್ ಮಾಡ್ದೆ. ಎತ್ತಿದ್ದು ನಿಮ್ಮ ಅತ್ತೆ. ಇಪ್ಪತ್ತು ನಿಮಿಷ ಮಾತಾಡಿದ್ರು. ನಾನು ಹಾಗೇ ಬರ್ಕೊಂಡೆ, ಒಂದು ಪದ ಬದಲಾಯಿಸಿಲ್ಲ. ಇಡೀ ಡೆಸ್ಕ್ ಎದ್ದು ಬಂದು ಕೇಳಿಸ್ಕೊಳ್ತು ಕಣ್ರೀ!” ಆಕೆ ಒಂದು ಪ್ರೂಫ್ ಚಾಚಿದರು. “ಐದಕ್ಕೆ ಪುಟ ಹೋಗ್ಬೇಕು. ಒಂದ್ಸಲ ನೋಡಿಬಿಡಿ.”

ಪ್ರೂಫ್‌ರೀಡರ್ ತಮ್ಮ ಜಾಗದಲ್ಲಿ ಕೂತು ದೀಪ ಹಾಕಿಕೊಂಡರು. ಮೇಲೆ ದಪ್ಪಕ್ಷರದಲ್ಲಿ ಅತ್ತೆಯ ಹೆಸರು, ಮಾವನವರ ಮೊದಲಕ್ಷರ ಸಮೇತ. ಕೆಳಗೆ ಲೂಸ್ ಕನೆಕ್ಷನ್ ಇತ್ತು, ಎಲೆಕ್ಟ್ರಿಷಿಯನ್ ಹೇಳಿದ್ದೆಂದು ಸ್ಪಷ್ಟವಾಗಿ. ಲೈನಿಂಗ್ ಇತ್ತು. ಪ್ಯಾಸೆಂಜರ್ ಗಾಡಿ ಎಲ್ಲಾ ಸ್ಟೇಷನ್‌ಗಳಲ್ಲೂ ನಿಂತಿತ್ತು. ತಮಗರಿವಿಲ್ಲದೆ ಅವರು ಎರಡು ಸಲ ನಕ್ಕರು. ಆಮೇಲೆ ನಾಲ್ಕನೇ ನಂಬರ್ ಬಂತು, ವಾರದ ಬಾಟಲಿ.

“ನಾಲ್ಕನೇದು ನಮ್ಮ ಅಳಿಯಂದಿರ ಥರ. ಬೆಲೆ ಕಡಿಮೆ, ಸದ್ದು ಅದಕ್ಕಿಂತ ಕಡಿಮೆ. ಮೊದಲನೇ ಗುಟುಕಿಗೆ ಏನೂ ಅನ್ನಿಸೋದಿಲ್ಲ. ಆದ್ರೆ ಮೂರು ದಿನ ತೆರೆದಿಟ್ರೂ ಹುಳಿಯಾಗಲ್ಲ. ಮನೇಲಿ ಇರಬೇಕಾದ್ದು ಇಂಥದ್ದೇ.”

ಪೆನ್ನು ತಾನಾಗಿ ಮೇಲೆದ್ದಿತು. ಬಾಟಲಿ ತೆರೆದದ್ದು ಈ ದಿನ ಬೆಳಿಗ್ಗೆ ಎಂಟಕ್ಕೆ. ಮೂರು ದಿನದ ಮಾತಿಗೆ ಆಧಾರವಿಲ್ಲ. ವಾಸ್ತವಾಂಶದ ಶುದ್ಧ ತಪ್ಪು. ಕೆಂಪು ಮೊನೆ ‘ಮೂರು’ ಎಂಬ ಪದದ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ತಪ್ಪನ್ನು ನೋಡಿಯೂ ನೋಡದಂತೆ ಮುಂದಿನ ಸಾಲಿಗೆ ಹೋಯಿತು.

ಮೂಲೆಯಲ್ಲಿ ಸಹಿ ಹಾಕಿ ಕೊಟ್ಟರು. ಸಹಿಯಾದ ಪ್ರೂಫುಗಳು ಪುಟ ಹೋದ ಮೇಲೆ ಕಸದ ಬುಟ್ಟಿ ಸೇರುತ್ತವೆ.

“ಇನ್ಮೇಲೆ ಪ್ರತಿ ವಾರ ಅವರೇ,” ಎಂದರು ಸಂಪಾದಕಿ. “ಬಾಟಲಿ ನೀವೇ ತಗೊಂಡು ಹೋಗಿ ಕೊಟ್ಬಿಡಿ. ಭಾರ ಇರುತ್ತೆ, ಹುಷಾರು.”

ಮೇಜಿನ ಬಳಿ ವಾಪಸು ಬರುವಷ್ಟರಲ್ಲಿ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅತ್ತೆ. ನಿದ್ದೆಯ ದನಿ, ಅದರೊಳಗೆ ಗಾಬರಿ.

“ಅಳಿಯಂದ್ರೇ, ಬೈಬೇಡಿ. ನಿಮ್ಮ ಮೇಡಂ ಫೋನ್ ಮಾಡಿದ್ರು. ಮೂಗು ಕಟ್ಟಿದೆ ಅಂತ ಬಾಯಿತಪ್ಪಿ ಅಂದ್ಬಿಟ್ಟೆ. ನಿಮ್ಮ ಕೆಲಸಕ್ಕೇ ಕುತ್ತು ಬರುತ್ತೇನೋ ಅಂತ ಹೆದ್ರಿ, ನಂಗೆ ತೋಚಿದ್ದೆಲ್ಲಾ ಒದರಿದೆ. ಕೊನೇಲಿ ನನ್ನ ಹೆಸರು ಬೇರೆ ಕೇಳಿದ್ರು, ಯಾಕೋ ಏನೋ. ಮಲಗಿದ್ರೂ ಅದೇ ಯೋಚನೆ. ಕೆಲಸ ಉಳೀತಾ?”

ಪ್ರೂಫ್‌ರೀಡರ್ ಮೇಜಿನ ಕಡೆ ನೋಡಿದರು. ಕ್ರೀಡಾಪುಟ, ಮಾರುಕಟ್ಟೆ ಪುಟ, ವಾರದ ಭವಿಷ್ಯ, ಎಲ್ಲವೂ ಅವರ ಕೆಂಪು ಪೆನ್ನಿಗಾಗಿ ಒಂದರ ಮೇಲೊಂದು ಕಾದು ಕೂತಿದ್ದವು.

“ಉಳೀತು ಅತ್ತೆ,” ಎಂದರು. “ಇದ್ದದ್ದು ಇದ್ದ ಹಾಗೇ ಉಳೀತು.”