ಒಂದು ನೂಲು ದಪ್ಪದ ಪ್ಲಗ್ಗು

ಮರಗೆಲಸದಲ್ಲಿ ಇಂಚಿನ ಎಂಟನೆಯ ಒಂದು ಪಾಲಿಗೆ ನೂಲು ಎನ್ನುತ್ತಾರೆ. ಮೂವತ್ತು ವರ್ಷದಲ್ಲಿ ತಮ್ಮ ಅಳತೆ ಒಂದು ನೂಲೂ ತಪ್ಪಿಲ್ಲವೆಂದು ಬಡಗಿ ಮೇಸ್ತ್ರಿಗಳು ದಿನಕ್ಕೆರಡು ಬಾರಿಯಾದರೂ ಹೇಳಿಕೊಳ್ಳುತ್ತಿದ್ದುದರಿಂದ ಬೀದಿಯವರೆಲ್ಲ ಅವರನ್ನು ನೂಲು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮೇಸ್ತ್ರಿಗಳ ಪಾಲಿಗೆ ಅದು ಬಿರುದು. ಬೀದಿಯವರ ಪಾಲಿಗೆ ಏನೋ, ಅವರು ಕೇಳಲು ಹೋಗಿರಲಿಲ್ಲ.

ಇಂಥವರ ಮನೆಯ ಕಂಪ್ಯೂಟರಿನಲ್ಲಿ ಸೋಮವಾರದಿಂದ ಇಂಟರ್ನೆಟ್ ಬಂದರೂ ಉಳಿಯುತ್ತಲೇ ಇರಲಿಲ್ಲ. ಬೇಡದ ನೆಂಟರಾದರೂ ಬಂದರೆ ನಾಲ್ಕು ದಿನ ಇರುತ್ತಾರೆ. ಇದು ಬಂದರೆ ನಾಲ್ಕು ನಿಮಿಷವೂ ಇರುತ್ತಿರಲಿಲ್ಲ.

“ಗುರುವಾರ ಮೂರು ಗಂಟೆಗೆ ನನ್ನ ಪರೀಕ್ಷೆ ಕಣ್ರೀ,” ಎಂದಳು ಹೆಂಡತಿ. “ಮೂರು ಸಲ ಸಂಪರ್ಕ ಕಡಿದ್ರೆ ಪರೀಕ್ಷೆ ರದ್ದಂತೆ. ರಿಪೇರಿಯವರನ್ನ ಕರೆಯೋಣ.”

ಒಂಬತ್ತು ವರ್ಷ ಅವಳು ಬಡಾವಣೆಯ ಗ್ರಂಥಾಲಯದಲ್ಲಿ ಪುಸ್ತಕಗಳ ಧೂಳು ಒರೆಸಿದ್ದಳು. ಒರೆಸುತ್ತ ಒರೆಸುತ್ತಲೇ ಓದಿದ್ದಳು. ಈ ಪರೀಕ್ಷೆ ಪಾಸಾದರೆ ಒರೆಸುವ ಬಟ್ಟೆ ಕೆಳಗಿಟ್ಟು, ಪುಸ್ತಕ ಕೊಡುವ ಮೇಜಿನ ಹಿಂದೆ ಕುರ್ಚಿ ಹಾಕಿಕೊಂಡು ಕೂರಬಹುದಿತ್ತು.

“ನಾನಿರೋವಾಗ ರಿಪೇರಿಯವರಾ?” ಮೇಸ್ತ್ರಿಗಳು ಕಿವಿಯ ಮೇಲಿನ ಪೆನ್ಸಿಲ್ ಸರಿಮಾಡಿಕೊಂಡರು. “ಬಾಗಿಲು, ಕಿಟಕಿ, ಮಂಚ, ಯಾವುದನ್ನ ನೆಟ್ಟಗೆ ಮಾಡಿಲ್ಲ ನಾನು? ಇದೂ ಒಂದು ಪೆಟ್ಟಿಗೆ ತಾನೆ? ನೀನು ಓದ್ಕೋ ಹೋಗು.”

ಚಿಕಿತ್ಸೆ ಶುರುವಾಯಿತು. ಕಂಪ್ಯೂಟರ್ ಮೇಜು ಅವರೇ ಮಾಡಿದ್ದು. ಅದರ ಡ್ರಾಯರ್ ಎಳೆದು ಸ್ಕ್ರೂಡ್ರೈವರ್ ತೆಗೆಯುವರು. ಪೆಟ್ಟಿಗೆಯ ತಿರುಪುಗಳನ್ನೆಲ್ಲ ಬಿಗಿ ಮಾಡುವರು. ಹಿಂದಿನ ವೈರನ್ನು ಕಿತ್ತು ಮತ್ತೆ ಚುಚ್ಚುವರು. ಹಸಿರು ದೀಪ ಮಿನುಗುವುದು. “ನೋಡಿದ್ಯಾ, ಕೈಗುಣ,” ಎಂದು ಸ್ಕ್ರೂಡ್ರೈವರನ್ನು ಡ್ರಾಯರಿಗೆ ಹಾಕಿ, ಮುಚ್ಚಿ, ಗೆದ್ದ ಸೇನಾಪತಿಯಂತೆ ಹೊರಡುವರು. ಹೊಸ್ತಿಲು ದಾಟುವಷ್ಟರಲ್ಲಿ ಒಳಗಿನಿಂದ ಹೆಂಡತಿಯ ಮೆಲುದನಿ ಬರುವುದು: “ರೀ, ಹೋಯ್ತು.”

ಬುಧವಾರದ ಹೊತ್ತಿಗೆ ತಪ್ಪು ಇಂಟರ್ನೆಟ್ ಕಂಪನಿಯದೇ ಎಂದು ಮೇಸ್ತ್ರಿಗಳು ತೀರ್ಪಿತ್ತು ಫೋನು ಮಾಡಿದರು.

“ವೈರ್ ಸರಿಯಾಗಿ ಕೂತಿದೆಯಾ ಸರ್?” ಎಂದಿತು ಆ ಕಡೆಯ ದನಿ.

“ಕೂರಿಸಿದ್ದು ನಾನೇ.”

“ಚುಚ್ಚಿದಾಗ ಟಕ್ ಅಂತ ಶಬ್ದ ಬಂತಾ ಸರ್?”

“ಶಬ್ದ ಬರೋಕೆ ಅದೇನು ಹಳೇ ಬಾಗಿಲೇನ್ರೀ? ನನ್ನ ಕೆಲಸದಲ್ಲಿ ಶಬ್ದ ಬಂದದ್ದೇ ಇಲ್ಲ.”

ಆ ಕಡೆಯವರು, “ಮತ್ತೆ ಬೇರೇನಾದ್ರೂ ಸಹಾಯ ಬೇಕಾ ಸರ್?” ಎಂದರು.

ಗುರುವಾರ ಮೂರು ಗಂಟೆ. ಹೆಂಡತಿ ಕಣ್ಣು ಮುಚ್ಚಿ ಕ್ಷಣಕಾಲ ಕೈಮುಗಿದು, ಪರದೆಯ ಮುಂದೆ ಕುಳಿತಳು. ಪರದೆಯ ಮೂಲೆಯಿಂದ ಪರೀಕ್ಷೆಯ ಮೇಲ್ವಿಚಾರಕಿ ಕನ್ನಡಕದೊಳಗಿಂದ ನೋಡುತ್ತಿದ್ದರು. ಹತ್ತು ಪ್ರಶ್ನೆ ನಿರಾಳವಾಗಿ ಮುಗಿದವು. ಹೊರಗೆ ನಿಂತ ಮೇಸ್ತ್ರಿಗಳಿಗೆ ಆ ನೆಮ್ಮದಿ ತಡೆಯಲಾಗಲಿಲ್ಲ. ಇಂಟರ್ನೆಟ್ ಹೋದರೆ ಕೈಗೆ ಸಿಗುವಂತಿರಲಿ ಎಂದು ಬೆಕ್ಕಿನ ಹೆಜ್ಜೆಯಲ್ಲಿ ಒಳಬಂದು, ಡ್ರಾಯರ್ ಎಳೆದು ಸ್ಕ್ರೂಡ್ರೈವರ್ ತೆಗೆದುಕೊಂಡು ಮುಚ್ಚಿದರು.

ಸಂಪರ್ಕ ಕಡಿದಿದೆ, ಒಂದನೆಯ ಬಾರಿ, ಎಂದಿತು ಪರದೆ.

“ಹೆದರಬೇಡ, ನಾನಿದೀನಿ,” ಎಂದು ಮೇಸ್ತ್ರಿಗಳು ವೈರ್ ಚುಚ್ಚಿದರು. ಪರದೆಗೆ ಜೀವ ಬಂತು. ಸ್ಕ್ರೂಡ್ರೈವರನ್ನು ಒಳಗಿಟ್ಟು ಡ್ರಾಯರ್ ಮುಚ್ಚಿದರು.

ಎರಡನೆಯ ಬಾರಿ.

ಸಿಟ್ಟು ಬಂದಾಗ ಹೆಂಡತಿಯ ದನಿ ಇನ್ನೂ ಮೆತ್ತಗಾಗುತ್ತಿತ್ತು. ಈಗ ಅದು ಕೇಳಿಸಿದ್ದೇ ಕಷ್ಟ. “ರೀ. ಡ್ರಾಯರಿಂದ ಕೈ ತೆಗೀರಿ.”

ಅವಳು ಬಗ್ಗಿ ಮೇಜಿನ ಕೆಳಗೆ ನೋಡಿದಳು. ಮೇಜಿನ ಬೆನ್ನಿಗೊಂದು ಹೊಸ ತೂತು. ಅದರೊಳಗಿಂದ ಬಂದ ವೈರು ಡ್ರಾಯರಿನ ಹಿಂದೆಯೇ ಹಾದುಹೋಗಿತ್ತು. ಡ್ರಾಯರ್ ಮುಚ್ಚಿದಾಗಲೆಲ್ಲ ವೈರಿಗೆ ಒಂದು ಗುದ್ದು. ಗುದ್ದಿಗೆ ಪ್ಲಗ್ಗು ಜಾರಿ ಹೊರಗೆ. ಅವಳು ಪ್ಲಗ್ಗನ್ನು ಕೈಯಲ್ಲಿ ತಿರುಗಿಸಿದಳು.

“ಇದನ್ನ ಕಚ್ಚಿ ಹಿಡಿಯೋ ಪ್ಲಾಸ್ಟಿಕ್ ಕ್ಲಿಪ್ ಎಲ್ಲಿ?”

“ಅದಾ? ಭಾನುವಾರ ಕತ್ತರಿಸಿ ಹಾಕ್ದೆ. ತೂತಿನಲ್ಲಿ ತೂರಲಿಲ್ಲ ನೋಡು, ಅದಕ್ಕೆ.”

“ತೂತು ಚಿಕ್ಕದಾಯ್ತಾ?”

“ನನ್ನ ತೂತು ಸರಿಯಾಗೇ ಇದೆ ಕಣೇ,” ಎಂದರು ಮೇಸ್ತ್ರಿಗಳು. “ಪ್ಲಗ್ಗೇ ಒಂದು ನೂಲು ದಪ್ಪ.”

ವಾದಕ್ಕೆ ಹೊತ್ತಿರಲಿಲ್ಲ. ಹೆಂಡತಿ ಬೆರಳು ತೋರಿಸಿದಳು. ಮೇಸ್ತ್ರಿಗಳು ತಾವೇ ಮಾಡಿದ ಮೇಜಿನ ಕೆಳಗೆ ನುಸುಳಿ, ಮೊಣಕಾಲು ಮಡಚಿ, ಪ್ಲಗ್ಗನ್ನು ಹೆಬ್ಬೆರಳಿನಲ್ಲಿ ಅದುಮಿ ಹಿಡಿದು ಕುಳಿತರು. ಪರದೆ ಬೆಳಗಿತು.

“ಕೋಣೆಯಲ್ಲಿ ಬೇರೆ ಯಾರಾದ್ರೂ ಇದ್ದಾರಾ?” ಮೇಲ್ವಿಚಾರಕಿ ಕೇಳಿದರು.

ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಡತಿ, “ಇದ್ದಾರೆ ಮೇಡಂ. ನಮ್ಮೆಜಮಾನ್ರು. ಮೇಜಿನ ಕೆಳಗೆ,” ಎಂದಳು.

“ಅಲ್ಲೇನು ಮಾಡ್ತಿದ್ದಾರೆ?”

“ಕ್ಲಿಪ್ಪಿನ ಕೆಲಸ ಮೇಡಂ.” ಕ್ಯಾಮೆರಾ ಬಗ್ಗಿಸಿ ತೋರಿಸಿದಳು. ಮೇಸ್ತ್ರಿಗಳು ಗಾಂಭೀರ್ಯದಿಂದ ತಲೆಯಾಡಿಸಲು ಹೋಗಿ ಮೇಜಿಗೆ ಹಣೆ ಬಡಿದುಕೊಂಡರು.

ಮೇಲ್ವಿಚಾರಕಿ ಕನ್ನಡಕ ಸರಿಮಾಡಿಕೊಂಡು ನೋಡಿದರು. “ಇರಲಿ. ಆದ್ರೆ ಅವರು ಒಂದು ಮಾತು ಆಡಿದ್ರೂ ಪರೀಕ್ಷೆ ರದ್ದು.”

ಇನ್ನೂ ಒಂದೂವರೆ ಗಂಟೆ ಬಾಕಿ ಇತ್ತು. ಊಟ ಬಿಡಿ ಎಂದರೆ ಮೇಸ್ತ್ರಿಗಳು ಬಿಟ್ಟಾರು, ಮಾತು ಬಿಡಿ ಎಂದರೆ? ಅದರಲ್ಲೂ ಪ್ರಶ್ನೆಗಳನ್ನು ಕ್ಯಾಮೆರಾದ ಎದುರು ಗಟ್ಟಿಯಾಗಿ ಓದುವುದು ನಿಯಮ. ಹೆಂಡತಿ ಮೂವತ್ತನೆಯದನ್ನು ಓದಿದಳು: ಪುಸ್ತಕದ ಕಪಾಟಿನ ಹಲಗೆ ಬಾಗದಿರಲು ಏನು ಮಾಡಬೇಕು? ಜನ್ಮದಲ್ಲಿ ಮೊದಲ ಸಲ ಯಾರೋ ಅವರ ಕಸುಬಿನ ಪ್ರಶ್ನೆ ಕೇಳಿದ್ದರು, ಅವರು ಬಾಯಿ ಬಿಡುವಂತಿರಲಿಲ್ಲ. ತುಟಿ ಕಚ್ಚಿದರು. ಕಣ್ಣಲ್ಲಿ ನೀರೂ ಬಂತು, ಅರ್ಧ ನೋಯುವ ಹೆಬ್ಬೆರಳಿಗೆ, ಅರ್ಧ ಹೇಳಲಾಗದ ಉತ್ತರಕ್ಕೆ.

ಮುಗಿದ ಮೇಲೆ ಹೊರಬಂದವರು ಮೊದಲು ಕೇಳಿದ್ದು ಅದನ್ನೇ. “ಹಲಗೆಯದಕ್ಕೆ ಏನು ಬರೆದೆ?”

“ಮೂರಡಿಗೊಂದು ಆಸರೆ ಕೊಡಬೇಕು ಅಂತ. ಊಟಕ್ಕೆ ಕೂತಾಗೆಲ್ಲ ಹೇಳ್ತೀರಲ್ಲ, ಕೇಳದೆ ಇರ್ತೀನಾ?”

ಮೇಸ್ತ್ರಿಗಳ ಎದೆ ಒಂದು ಅಂಗುಲ ಉಬ್ಬಿತು. ಹೊಸ ವೈರು ತಂದು, ತೂತನ್ನು ಯಾರಿಗೂ ಹೇಳದೆ ದೊಡ್ಡದು ಮಾಡಿದರು.

ಹತ್ತು ದಿನಕ್ಕೆ ಫಲಿತಾಂಶದ ಹಾಳೆ ಬಂತು. ಹೆಂಡತಿ ಉತ್ತೀರ್ಣ. ಕೆಳಗೆ ಮೇಲ್ವಿಚಾರಕಿಯ ಒಂದು ಸಾಲು: ಮೇಜಿನ ಕೆಳಗಿದ್ದ ಪತಿಯ ನಡತೆ ತೃಪ್ತಿಕರ.

ಮೇಸ್ತ್ರಿಗಳು ಆ ಹಾಳೆಗೆ ತಾವೇ ತೇಗದ ಕಟ್ಟು ಹಾಕಿ ಗೋಡೆಗೆ ತೂಗುಹಾಕಿದರು. ಹೆಂಡತಿ ಹತ್ತಿರ ಹೋಗಿ ನೋಡಿದಳು. ಕೊನೆಯ ಸಾಲು ಸರಿಯಾಗಿ ಕಟ್ಟಿನ ಮರದ ಹಿಂದೆ ಮರೆಯಾಗಿತ್ತು.

“ಇದು ಬೇಕಂತ ಮಾಡಿದ್ದಾ,” ಎಂದಳು ಮೆತ್ತಗೆ, “ಇಲ್ಲಾ ಅಳತೆ ತಪ್ಪಿದ್ದಾ?”

ಮೇಸ್ತ್ರಿಗಳು ಕಿವಿಯ ಮೇಲಿನ ಪೆನ್ಸಿಲ್ ಕೈಗೆ ತೆಗೆದುಕೊಂಡರು. ಮರುದಿನ ಗೋಡೆಯ ಮೇಲೆ ಕೊನೆಯ ಸಾಲೂ ಕಾಣುವ ಹೊಸ ಕಟ್ಟು ಇತ್ತು, ಮೊದಲಿನದಕ್ಕಿಂತ ನಾಲ್ಕು ನೂಲು ಉದ್ದ.